ರೋಶಿಯಾ ಮೊಂತಾನಾ ಲೇಖನದ ಬಗ್ಗೆ

ನಮಸ್ಕಾರ,

ರುಮೇನಿಯಾದ ರೋಶಿಯಾ ಮೊಂತಾನಾ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ವಿಷಯ ಗಟ್ಟಿಯಾಗಿದೆ.

ಮೊದಲ ಮೂರು ಪುಟ ಭೂಗೋಳ, ಆಮೇಲಿನ ನಾಲ್ಕು ಪುಟ ಇತಿಹಾಸ. ಅಪುಸೇನಿ ಬೆಟ್ಟಸಾಲು, ಆಲ್ಬಾ ಜಿಲ್ಲೆ, ಹದಿನಾರು ಹಳ್ಳಿಗಳ ಹೆಸರು... ಓದುವವರು ಅಲ್ಲೇ ದಣಿಯುತ್ತಾರೆ. ಈ ಊರಿನಲ್ಲಿ ಬೆಟ್ಟವೇ ಚರಿತ್ರೆ. ಬೆಟ್ಟದೊಳಗೆ ಚಿನ್ನವಿತ್ತು. ಕ್ರಿ.ಶ. 106ರಲ್ಲಿ ಡೇಸಿಯಾ (ಇಂದಿನ ರುಮೇನಿಯಾದ ಭಾಗ) ಗೆದ್ದ ರೋಮನ್ನರು ಅದಕ್ಕಾಗಿ ಇಲ್ಲಿ ಸುರಂಗ ಕೊರೆದರು. ನೀವು 'ನಿಸರ್ಗದ ಕೊಡುಗೆ' ಎಂದು ಬರೆದಿರುವ ಕೊಳಗಳು ನಿಸರ್ಗದ್ದಲ್ಲ. ಅದಿರು ಕುಟ್ಟುವ ಯಂತ್ರಗಳಿಗೆ ನೀರು ಬೇಕೆಂದು ಜನ ಕಟ್ಟಿಕೊಂಡವು. ಇದನ್ನು ತಿದ್ದಲೇಬೇಕು.

'ಮೇಣದ ಹಲಗೆಗಳೂ ದೊರೆತಿವೆ' ಎಂದು ಆರನೇ ಪುಟದಲ್ಲಿ ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ. ಲೇಖನದ ಜೀವ ಅಲ್ಲೇ ಇದೆಯಲ್ಲ! ಮರದ ಹಲಗೆಗೆ ಮೇಣ ಬಳಿದು, ಮೊನೆಯಿಂದ ಕೊರೆದು ಬರೆದ ಕರಾರುಪತ್ರಗಳವು. ಗಣಿಯ ಸುರಂಗಗಳಲ್ಲಿ ಉಳಿದುಬಂದವು. 164ರ ಒಂದು ಹಲಗೆಯಲ್ಲಿ ಮೆಮ್ಮಿಯಸ್ ಎಂಬ ಕೂಲಿಯಾಳು ಮೇ ತಿಂಗಳಿಂದ ನವೆಂಬರ್‌ವರೆಗೆ ಚಿನ್ನದ ಗಣಿಯಲ್ಲಿ ದುಡಿಯಲು ಒಪ್ಪಿದ್ದಾನೆ. ಕೂಲಿ 70 ದಿನಾರಿ (ರೋಮನ್ನರ ಬೆಳ್ಳಿ ನಾಣ್ಯ), ಜೊತೆಗೆ ಊಟ. ನೀರು ನುಗ್ಗಿ ಕೆಲಸ ನಿಂತರೆ ಅಷ್ಟು ದಿನದ್ದು ಲೆಕ್ಕದಲ್ಲಿ ಕಳೆಯಬೇಕು. ಅವನಿಗೆ ಅಕ್ಷರ ಬಾರದು, ಬರೆದುಕೊಟ್ಟವನು ಬೇರೆಯವನು. 139ರ ಇನ್ನೊಂದು ಹಲಗೆ ಪಾಸಿಯಾ ಎಂಬ ಮಗುವಿನ ಕ್ರಯಪತ್ರ. ವಯಸ್ಸು ಸುಮಾರು ಆರು, ಬೆಲೆ 205 ದಿನಾರಿ. ಆ ಕೂಲಿ, ಈ ಬೆಲೆ, ಎರಡು ಅಂಕಿಗಳನ್ನೂ ಪಕ್ಕಪಕ್ಕ ಇಡಿ. ಕಾಮೆಂಟ್ ಏನೂ ಬೇಡ.

'ಕಮ್ಯೂನ್' ಎಂದಷ್ಟೇ ಬರೆದರೆ ನಮ್ಮವರು ಬೇರೇನೋ ಅಂದುಕೊಳ್ಳುತ್ತಾರೆ. ಹಲವು ಹಳ್ಳಿ ಸೇರಿ ಒಬ್ಬ ಚುನಾಯಿತ ಮೇಯರ್ ಇರುವ, ನಮ್ಮ ಗ್ರಾಮ ಪಂಚಾಯಿತಿಯಂಥ ವ್ಯವಸ್ಥೆ ಎಂದು ಒಮ್ಮೆ ಹೇಳಿಬಿಡಿ. 'ನೆಲೆಗೊಂಡಿದೆ' ಏಳು ಸಲ ಬಂದಿದೆ, 'ಇದೆ' ಸಾಕು.

ಕೊನೆಯ ಭಾಗದಲ್ಲಿ ಒಂದು ತಕರಾರಿದೆ. ಒಂದು ಕಂಪನಿ ಇಲ್ಲಿ ತೆರೆಯಲು ಹೊರಟಿದ್ದ ಹೊಸ ಚಿನ್ನದ ಗಣಿಯನ್ನು ಊರಿಗೆ ಊರೇ ವಿರೋಧಿಸಿತು ಎಂದಿದ್ದೀರಿ. 2013ರಲ್ಲಿ ದೇಶದ ನಗರಗಳಲ್ಲಿ ಸಾವಿರಾರು ಜನ ಬೀದಿಗಿಳಿದದ್ದು ನಿಜ, 2021ರಲ್ಲಿ ಊರು ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದೂ ನಿಜ. ಆದರೆ ಊರಿನೊಳಗೆ ಎರಡು ಪಕ್ಷವಿತ್ತು. ಸರ್ಕಾರಿ ಗಣಿ 2006ರಲ್ಲಿ ಮುಚ್ಚಿತ್ತು, ಕೆಲಸ ಬೇಕೆಂದವರು ಬಹಳ ಜನ. ಕಂಪನಿಗೆ ಮನೆ ಮಾರಿ ಹೋದವರೂ ಇದ್ದರು, ಮಾರುವುದಿಲ್ಲ ಎಂದು ಕೂತವರೂ ಇದ್ದರು. ಇಬ್ಬರ ಮಾತೂ ಬರಲಿ.

ಏಳು ಪುಟ ನಾಲ್ಕಕ್ಕೆ ಇಳಿಯಲಿ. ಮೆಮ್ಮಿಯಸ್‌ನಿಂದ ಶುರುಮಾಡಿ ಕಳಿಸಿ, ಕಾಯುತ್ತಿರುತ್ತೇನೆ.