ಹೇಳುವವರು, ಕೇಳುವವರು

ಪ್ರಿಯ ಸಹೋದರರೇ, ಕರ್ತನ ನಾಮದಲ್ಲಿ ವಂದನೆಗಳು.

ದುಬೈಗೆ ಬಂದು ಎಂಟು ತಿಂಗಳಾಯಿತು, ಹಗಲೆಲ್ಲ ಕಚೇರಿ, ವಾರದ ಕೊನೆಗೆ ನಲವತ್ತು ಜನರ ಕನ್ನಡ ಕೂಟದ ಮುಂದಾಳತ್ವ, ಎಲ್ಲರೂ ತಮ್ಮ ಕಷ್ಟವನ್ನು ನನ್ನ ಬಳಿ ತರುತ್ತಾರೆ, ನನ್ನದನ್ನು ನಾನು ಯಾರ ಬಳಿ ಹೇಳಲಿ ಎಂದು ಬರೆದಿದ್ದೀರಿ. ಮನೆ ಬಾಡಿಗೆ, ಮಕ್ಕಳ ಶಾಲೆಗಳ ಬಗ್ಗೆಯೂ ಕೇಳಿದ್ದೀರಿ. ಅವಕ್ಕೆ ಉತ್ತರ ಹೇಳುವವರು ಕರಾಮಾದ ಯಾವ ಹೋಟೆಲಿನಲ್ಲಿ ಚಹಾಕ್ಕೆ ಕುಳಿತರೂ ಸಿಗುತ್ತಾರೆ. ನಾನು ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು, ಅದರಲ್ಲಿ ಒಂಬತ್ತು ವರ್ಷ ನೀವು ಈಗ ನಿಂತಿರುವ ಜಾಗದಲ್ಲೇ ನಿಂತಿದ್ದೆ. ಆದ್ದರಿಂದ ಮೊದಲ ಪ್ರಶ್ನೆಯನ್ನಷ್ಟೇ ಎತ್ತಿಕೊಳ್ಳುತ್ತೇನೆ.

ತುಮಕೂರಿನ ನಮ್ಮ ಸಭೆಯಲ್ಲಿ ನಾನು ತಪ್ಪಿ ನಡೆಯದಂತೆ ಕಾದವರು ಇಂಥವರೇ ಎಂದು ಬೆರಳು ಮಾಡಿ ತೋರಿಸಲಾರೆ. ಸಭೆಯ ಪಾದ್ರಿಯಾದ ಅಯ್ಯನವರಿದ್ದರು, ಕಮಿಟಿ ಇತ್ತು, ಮೇಲೆ ಬಿಷಪ್ಪರಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ, ಎರಡು ಭಾನುವಾರ ಕಾಣದಿದ್ದರೆ ಮೂರನೆಯ ದಿನ ಕೊಡೆ ಊರಿಕೊಂಡು ಮನೆಗೇ ಬಂದುಬಿಡುವ ಒಬ್ಬ ಅಜ್ಜಿ ಇದ್ದರು. ಅದೆಲ್ಲ ಹಿಂಸೆ ಎನಿಸುತ್ತಿತ್ತು. ಇಲ್ಲಿಗೆ ಬಂದ ಮೇಲೆ ಹೇಳುವವರೂ ಇಲ್ಲ, ಕೇಳುವವರೂ ಇಲ್ಲ. ಊದ್ ಮೇಥಾದ ಹೋಲಿ ಟ್ರಿನಿಟಿ ಚರ್ಚಿನ ಆವರಣವನ್ನು ನೋಡಿದ್ದೀರಿ: ಹತ್ತಾರು ಭಾಷೆಯ ಸಭೆಗಳು ಅವವೇ ಕೋಣೆಗಳನ್ನು ಸರದಿಯ ಮೇಲೆ ಹಂಚಿಕೊಳ್ಳುತ್ತವೆ, ನಮ್ಮ ಕೊನೆಯ ಪ್ರಾರ್ಥನೆ ಮುಗಿಯುವ ಮೊದಲೇ ಮುಂದಿನ ಗುಂಪಿನವರು ಗಿಟಾರು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಾರೆ. ಆರಾಧನೆ ಆದ ಮೇಲೆ ಹತ್ತು ನಿಮಿಷ ನಿಂತು ‘ಹೇಗಿದ್ದೀರಿ, ನಿಜ ಹೇಳಿ’ ಎಂದು ಕೇಳುವಷ್ಟು ಜಾಗವೂ ಇಲ್ಲ, ವೇಳೆಯೂ ಇಲ್ಲ. 2022ರ ಜನವರಿಯಲ್ಲಿ ವಾರದ ರಜೆ ಶನಿವಾರ ಭಾನುವಾರಕ್ಕೆ ಬದಲಾದ ಮೇಲಂತೂ ಕೆಲವರು ಶುಕ್ರವಾರಕ್ಕೆ, ಕೆಲವರು ಭಾನುವಾರಕ್ಕೆ ಹಂಚಿಹೋಗಿ, ಒಬ್ಬರ ಮುಖ ಒಬ್ಬರು ನೋಡುವುದು ಇನ್ನಷ್ಟು ಅಪರೂಪವಾಯಿತು.

2009ರಲ್ಲಿ ನಡೆದ ಒಂದು ಸಂಗತಿಯನ್ನು ನಿಮಗೆ ಹೇಳಲೇಬೇಕು. ಆ ವರ್ಷ ಇಲ್ಲಿ ಕೆಲಸ ಕಳೆದುಕೊಂಡವರು ಬಹಳ. ನಮ್ಮ ಕೂಟದ ಒಂದು ಕುಟುಂಬವನ್ನು ಊರಿಗೆ ಕಳುಹಿಸಲೆಂದು ಎಲ್ಲರೂ ಕೈಲಾದಷ್ಟು ಕೊಟ್ಟರು, ಹಣದ ಲಕೋಟೆ ನನ್ನ ಬೀರುವಿನಲ್ಲಿತ್ತು, ಎಷ್ಟಿದೆ ಎಂಬುದು ನನಗೊಬ್ಬನಿಗೇ ಗೊತ್ತು. ಅದೇ ವಾರ ಬಾಡಿಗೆಗೆಂದು ಮೊದಲೇ ಬರೆದುಕೊಟ್ಟಿದ್ದ ಚೆಕ್ಕು ಬ್ಯಾಂಕಿಗೆ ಹೋಗುವುದಿತ್ತು. ಆಗ ಚೆಕ್ಕು ಬೌನ್ಸ್ ಆದರೆ ಜೈಲಿನ ಮಾತು. ನನ್ನ ಸಂಬಳ ತಡವಾಗಿತ್ತು. ಲಕೋಟೆಯಿಂದ 1,800 ದಿರ್ಹಮ್ ತೆಗೆದುಕೊಂಡೆ, ಹನ್ನೊಂದು ದಿನಗಳ ನಂತರ ಅಷ್ಟನ್ನೂ ಹಿಂದಕ್ಕೆ ಇಟ್ಟೆ, ಕುಟುಂಬವೂ ಊರು ಸೇರಿತು. ಯಾರಿಗೂ ನಷ್ಟವಾಗಲಿಲ್ಲ, ಯಾರಿಗೂ ತಿಳಿಯಲಿಲ್ಲ. ಆದರೆ ಆ ಮೇಲೆ ನಾಲ್ಕು ತಿಂಗಳು ಜನರ ಮುಂದೆ ಬಾಯಿ ಬಿಟ್ಟು ಪ್ರಾರ್ಥಿಸುವಾಗಲೆಲ್ಲ ನನ್ನ ದನಿಯೇ ನನಗೆ ಬೇರೆಯವರ ದನಿಯಂತೆ ಕೇಳಿಸುತ್ತಿತ್ತು.

ಕೊನೆಗೆ ಅದನ್ನು ಹೇಳಿಕೊಂಡದ್ದು ನಮ್ಮ ಕೂಟದ ಯಾರಲ್ಲಿಯೂ ಅಲ್ಲ. ನಮ್ಮ ನಂತರದ ಸರದಿಯ ಮಲಯಾಳಿ ಸಭೆಯ ಒಬ್ಬ ಎಂಜಿನಿಯರ್ ಬಳಿ, ಪಾರ್ಕಿಂಗ್ ಜಾಗದಲ್ಲಿ, ಅವರ ಕಾರಿನೊಳಗೆ ಕುಳಿತು. ಅವರು ನನ್ನನ್ನು ಗದರಲಿಲ್ಲ, ‘ದೇವರು ಕ್ಷಮಿಸುತ್ತಾನೆ’ ಎಂದು ಬೆನ್ನನ್ನೂ ತಟ್ಟಲಿಲ್ಲ. ಎಷ್ಟು, ಯಾವ ತಾರೀಖು, ಹಿಂದಕ್ಕೆ ಇಟ್ಟದ್ದು ಯಾವಾಗ, ಬರೆದಿಟ್ಟಿದ್ದೀರಾ ಎಂದು ಕೇಳಿದರು. ಇಲ್ಲವೆಂದಾಗ, ಇಂದೇ ಬರೆದು ನಿಮ್ಮ ಖಜಾಂಚಿಗೆ ತೋರಿಸಿ, ಅವರು ಏನು ಹೇಳಿದರೆಂದು ನಾಳೆ ರಾತ್ರಿ ಫೋನು ಮಾಡಿ ತಿಳಿಸಿ ಎಂದರು. ಪ್ರಾರ್ಥನೆ ಮಾಡಿದ್ದು ಮರುದಿನ, ಆ ಫೋನಿನ ನಂತರ.

ನೀವು ಹುಡುಕಬೇಕಾದದ್ದು ಇಂತಹ ಒಬ್ಬರನ್ನು. ನಿಮ್ಮ ಕೂಟದ ಒಳಗೆ ಹುಡುಕಬೇಡಿ. ನಲವತ್ತು ಜನರಲ್ಲಿ ಅರ್ಧ ಮಂದಿ ಒಬ್ಬರಿಗೊಬ್ಬರು ನೆಂಟರು, ಕೆಲವರು ಒಂದೇ ಕಂಪನಿಯವರು. ಇಲ್ಲಿ ರಾತ್ರಿ ಆಡಿದ ಮಾತು ಬೆಳಗಾಗುವುದರೊಳಗೆ ವಾಟ್ಸಾಪಿನಲ್ಲಿ ತುಮಕೂರು, ಉಡುಪಿ, ಬೀದರಿಗೆ ಮುಟ್ಟಿರುತ್ತದೆ. ಅದೂ ಅಲ್ಲದೆ, ಒಟ್ಟಿಗೆ ಬಿರಿಯಾನಿ ಉಣ್ಣುವ ಗೆಳೆಯರು ನಿಮ್ಮನ್ನು ಕೇಳುವುದಿಲ್ಲ. ಗೆಳೆತನ ಕೆಡಬಾರದೆಂದು ಸುಮ್ಮನಿರುತ್ತಾರೆ. ಅವರೂ ಬೇಕು, ಜ್ವರ ಬಂದಾಗ ಗಂಜಿ ತರುವವರು ಅವರೇ. ಆದರೆ ಲೆಕ್ಕ ಕೇಳುವವರು ಬೇರೆಯೇ ಇರಬೇಕು.

ನಾನು ವೆಸ್ಲಿಯನ್ ಮಿಷನರಿಗಳು ಕಟ್ಟಿದ ಸಭೆಯಲ್ಲಿ ಬೆಳೆದವನು, ಆದರೂ ಮೆಥೊಡಿಸ್ಟ್ ಪಂಥಕ್ಕೆ ಮೂಲಪುರುಷನಾದ ಜಾನ್ ವೆಸ್ಲಿಯ ಕ್ಲಾಸ್ ಮೀಟಿಂಗ್, ಅಂದರೆ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುವ ಸಣ್ಣ ಗುಂಪು, ಹುಟ್ಟಿದ ಕಥೆಯನ್ನು ತಿಳಿದದ್ದು ಇಲ್ಲಿಗೆ ಬಂದ ಮೇಲೆ. 1742ರಲ್ಲಿ ಬ್ರಿಸ್ಟಲ್‌ನ ಪ್ರಾರ್ಥನಾಲಯದ ಸಾಲ ತೀರಿಸಲೆಂದು ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ ಕೊಡುವುದೆಂದೂ, ಹನ್ನೆರಡು ಮಂದಿಯ ಗುಂಪಿಗೆ ಒಬ್ಬ ಮುಖಂಡನು ಮನೆಮನೆಗೆ ಹೋಗಿ ಅದನ್ನು ತರುವುದೆಂದೂ ಗೊತ್ತಾಯಿತು. ಪೆನ್ನಿ ಕೇಳಲು ಹೋದವರಿಗೆ ಒಂದು ಮನೆಯಲ್ಲಿ ಗಂಡಹೆಂಡಿರ ಜಗಳ, ಇನ್ನೊಂದರಲ್ಲಿ ಕುಡಿತ ಕಣ್ಣಿಗೆ ಬಿತ್ತು. ಸಾಲ ತೀರಿಸುವ ಏರ್ಪಾಡು ಆತ್ಮಗಳನ್ನು ವಿಚಾರಿಸುವ ಏರ್ಪಾಡಾದದ್ದು ಹಾಗೆ. ಉಪದೇಶದಿಂದ ಶುರುವಾಗದೆ, ಬಾಗಿಲು ತಟ್ಟಿ ಲೆಕ್ಕ ಕೇಳುವುದರಿಂದ ಶುರುವಾಯಿತೆಂಬುದು ನನಗೆ ಬಹಳ ಹಿಡಿಸಿದ ಮಾತು.

ಹಾಗಾಗಿ ಇಬ್ಬರನ್ನು ಗೊತ್ತುಮಾಡಿಕೊಳ್ಳಿ: ಇಲ್ಲಿಯೇ ಬೇರೆ ಭಾಷೆಯ ಸಭೆಯೊಂದರಲ್ಲಿ ಜವಾಬ್ದಾರಿ ಹೊತ್ತಿರುವ ಒಬ್ಬರು, ಮತ್ತು ಊರಿನಲ್ಲಿ ನಿಮ್ಮನ್ನು ಚಿಕ್ಕಂದಿನಿಂದ ಬಲ್ಲ ಒಬ್ಬ ಹಿರಿಯರು. ‘ನನ್ನ ಹಣ, ನನ್ನ ಫೋನು, ನನ್ನ ಸಿಟ್ಟು, ಮನೆಯವಳ ಜೊತೆ ನನ್ನ ಮಾತುಕತೆ, ಈ ನಾಲ್ಕನ್ನು ನೀವು ಕೇಳಬಹುದು, ನಾನು ನುಣುಚಿಕೊಂಡರೆ ನನ್ನ ಹೆಂಡತಿಯನ್ನೇ ಕೇಳಬಹುದು’ ಎಂಬ ಹಕ್ಕನ್ನು, ಎಲ್ಲವೂ ಸರಿಯಾಗಿರುವಾಗಲೇ, ಬಾಯಿ ಬಿಟ್ಟು ಕೊಟ್ಟುಬಿಡಿ. ದಾವೀದ ಅರಸನು ಊರೀಯನ ಹೆಂಡತಿಯನ್ನು ತೆಗೆದುಕೊಂಡು ಅವನನ್ನು ಕೊಲ್ಲಿಸಿದಾಗ, ಪ್ರವಾದಿ ನಾತಾನನು ಲೆಕ್ಕ ಕೇಳಲು ಅವನ ಎದುರು ನಿಂತದ್ದು ಊರೀಯನು ಸತ್ತ ಮೇಲೆ. ಅಷ್ಟು ತಡವಾಗುವವರೆಗೆ ಕಾಯಬೇಡಿ.

ಹಣದ ವಿಷಯದಲ್ಲಿ ನನ್ನ ಅನುಭವವನ್ನೂ ಮೀರಿದ ಕಾರಣವೊಂದಿದೆ. 2021ರ ಕಾನೂನಿನ ಪ್ರಕಾರ ಈ ದೇಶದಲ್ಲಿ ಅನುಮತಿ ಪಡೆದ ಸಂಸ್ಥೆಗಳಲ್ಲದೆ ಬೇರಾರೂ ದಾನ ಸಂಗ್ರಹಿಸುವಂತಿಲ್ಲ, ನಾವು ಅಂದು ಮಾಡಿದಂತೆ ಲಕೋಟೆ ತಿರುಗಿಸುವುದು ಇಂದು ನಡೆಯದು. ಯಾರಿಗಾದರೂ ನೆರವು ಬೇಕಾದರೆ ಆವರಣದ ಕಚೇರಿಯಲ್ಲಿ ವಿಚಾರಿಸಿ. ಆರಾಧನೆಯ ಕಾಣಿಕೆಯನ್ನು ಇಬ್ಬರು ಎಣಿಸಲಿ, ಇಬ್ಬರೂ ಸಹಿ ಹಾಕಲಿ, ಆ ಇಬ್ಬರಲ್ಲಿ ನೀವಿರಬೇಡಿ. ಯೆರೂಸಲೇಮಿನ ಬಡವರಿಗೆಂದು ಹಣ ಕೂಡಿಸುವ ಕೆಲಸಕ್ಕೆ ಅಪೊಸ್ತಲ ಪೌಲನೂ ತನ್ನ ಜೊತೆಗಾರ ತೀತನ ಜೊತೆ ಬೇರೆ ಸಹೋದರರನ್ನು ಕಳುಹಿಸಿದನು. ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ ಎಂಟನೆಯ ಅಧ್ಯಾಯವನ್ನು ನಿಮ್ಮ ಕಮಿಟಿಯಲ್ಲಿ ಒಮ್ಮೆ ಓದಿಸಿ.

ಇದನ್ನೆಲ್ಲ ಜೂನ್ ತಿಂಗಳಿಗೆ ಮೊದಲು ಮಾಡಿಕೊಳ್ಳಿ. ಶಾಲೆಗಳಿಗೆ ರಜೆ ಬಂದೊಡನೆ ಹೆಂಡತಿ ಮಕ್ಕಳು ಊರಿಗೆ ಹೋಗುತ್ತಾರೆ, ಕೂಟ ಹದಿನೈದು ಜನಕ್ಕೆ ಇಳಿಯುತ್ತದೆ, ಹೊರಗೆ ಕಾಲಿಡಲಾಗದ ಸೆಕೆಯಲ್ಲಿ ಫ್ಲ್ಯಾಟಿನೊಳಗೆ ನೀವು, ಏಸಿ ಮತ್ತು ಫೋನು ಮಾತ್ರ ಇರುತ್ತೀರಿ. ಆ ಮಲಯಾಳಿ ಎಂಜಿನಿಯರ್ ಈಗಲೂ ನನಗೆ ಹದಿನೈದು ದಿನಕ್ಕೊಮ್ಮೆ ಮಂಗಳವಾರ ರಾತ್ರಿ ಒಂಬತ್ತೂವರೆಗೆ ಕರೆ ಮಾಡುತ್ತಾರೆ. ಬೇಸಿಗೆಯಲ್ಲಿ ಮಾತ್ರ ವಾರಕ್ಕೊಮ್ಮೆ. ಅವರ ಸಭೆಯಲ್ಲಿ ನಿಮ್ಮ ವಯಸ್ಸಿನವರು ಒಬ್ಬರಿದ್ದಾರೆ, ಅವರಿಗೂ ಇದೇ ಹುಡುಕಾಟ. ನೀವು ಒಪ್ಪಿದರೆ ಮುಂದಿನ ವಾರ ಇಬ್ಬರನ್ನೂ ನಮ್ಮ ಮನೆಗೆ ಊಟಕ್ಕೆ ಕರೆಯುತ್ತೇನೆ.