ಕೊಡಗಿಗೆ ಹೊರಡುವ ಮುನ್ನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಕೊಡಗಿನ ಪ್ರವಾಸದ್ದೇ. 2011ರ ಜನಗಣತಿಯ ಪ್ರಕಾರ ಜಿಲ್ಲೆಯ ಜನಸಂಖ್ಯೆ 5.54 ಲಕ್ಷ. ಬರುವವರು ತಂದದ್ದು, ಬಳಸಿದ್ದು, ಬಿಟ್ಟುಹೋದದ್ದು ಎಲ್ಲವನ್ನೂ ಈ ಚಿಕ್ಕ ಜಿಲ್ಲೆಯೇ ಹೊರಬೇಕು. ಆ ಹೊರೆ ಎಲ್ಲೆಲ್ಲಿ ಇಳಿಸಬಹುದು ಎಂಬುದನ್ನು ಗಮನದಲ್ಲಿಟ್ಟು ಉತ್ತರಿಸಿದ್ದೇವೆ.

ಪ್ರಶ್ನೆ: ಜುಲೈ ಕೊನೆಯ ವಾರ ಮಡಿಕೇರಿ ಹತ್ತಿರದ ಹೋಂಸ್ಟೇಗೆ ಮೂರು ದಿನಕ್ಕೆ ಹೊರಟಿದ್ದೇವೆ. ನಾವಿಬ್ಬರು, ಮಕ್ಕಳಿಬ್ಬರು. ಎರಡು ದೊಡ್ಡ ಸೂಟ್‌ಕೇಸ್ ತುಂಬಿದರೂ ಸಾಮಾನು ಮುಗಿಯುತ್ತಿಲ್ಲ. ಏನು ಬಿಡಲಿ, ಏನು ಇಡಲಿ? — ದಾವಣಗೆರೆಯ ಓದುಗರು

ಮೊದಲು ಸೂಟ್‌ಕೇಸನ್ನೇ ಬಿಡಿ. ತೋಟದೊಳಗಿನ ಎಷ್ಟೋ ಹೋಂಸ್ಟೇಗಳಿಗೆ ಕೊನೆಯ ಒಂದು ಕಿಲೋಮೀಟರು ಮಣ್ಣಿನ ಹಾದಿ. ಜುಲೈನಲ್ಲಿ ಅದು ಕೆಸರು. ಪುಟ್ಟ ಚಕ್ರಗಳಿಗೆ ಕೆಮ್ಮಣ್ಣು ಮೆತ್ತಿದರೆ ಅವು ತಿರುಗುವುದಿಲ್ಲ, ಪೆಟ್ಟಿಗೆಯನ್ನು ಎತ್ತಿಕೊಂಡೇ ನಡೆಯಬೇಕಾಗುತ್ತದೆ. ದೊಡ್ಡವರಿಗೆ ತಲಾ ಒಂದು 35–40 ಲೀಟರಿನ ಬೆನ್ನಚೀಲ, ಮಕ್ಕಳಿಗೆ ಅವರ ಶಾಲೆಯ ಬ್ಯಾಗು ಸಾಕು.

ಎರಡನೆಯದಾಗಿ ಜೀನ್ಸ್ ತೆಗೆಯಿರಿ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗಿಂತ ಹೆಚ್ಚು ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಗಾಳಿಯಲ್ಲೇ ನೀರು ತುಂಬಿರುವಾಗ ಒಮ್ಮೆ ನೆನೆದ ಜೀನ್ಸ್ ನೀವು ಊರಿಗೆ ಮರಳುವವರೆಗೂ ಒಣಗದು. ಒಣಗಿಸಿಕೊಡಿ ಎಂದು ಮನೆಯವರನ್ನು ಕೇಳಿದರೆ ಅವರು ಒಲೆಯ ಮೇಲೆ ಹರವಬೇಕು, ಇಲ್ಲವೇ ಯಂತ್ರ ಓಡಿಸಬೇಕು. ಒಬ್ಬರಿಗೆ ಬೇಗ ಒಣಗುವ ತೆಳು ಪ್ಯಾಂಟ್ ಎರಡು, ಟೀ ಶರ್ಟ್ ಮೂರು, ಸ್ವೆಟರ್ ಒಂದು, ರಾತ್ರಿ ಉಡುಪು ಒಂದು ಜೊತೆ, ಒಳ ಉಡುಪು ನಾಲ್ಕು ಜೊತೆ. ಧಾರಾಳವಾಗಿ ತರಬೇಕಾದದ್ದು ಕಾಲುಚೀಲ ಮಾತ್ರ: ದಿನಕ್ಕೆರಡು ಜೊತೆ. ದಪ್ಪ ಟರ್ಕಿ ಟವೆಲ್ ಬದಲು ತೆಳು ಹತ್ತಿ ಟವೆಲ್ ತನ್ನಿ. ಹಿಮ್ಮಡಿಗೆ ಪಟ್ಟಿ ಇರುವ, ಅಡಿ ಸವೆಯದ ರಬ್ಬರ್ ಸ್ಯಾಂಡಲ್ ಕೆಸರಿಗೂ ನೀರಿಗೂ ಆಗುತ್ತದೆ. ಕ್ಯಾನ್ವಾಸ್ ಶೂ ಬೇಡ. ಇದ್ದ ಶೂ ನೆನೆದರೆ ಒಳಗೆ ಹಳೇ ಪೇಪರ್ ತುರುಕಿ, ಎರಡು ಗಂಟೆಗೊಮ್ಮೆ ಬದಲಿಸಿ. ಬೆಂಕಿಯ ಹತ್ತಿರ ಇಟ್ಟರೆ ಅಂಟು ಬಿಟ್ಟು ಅಡಿ ಕಿತ್ತುಬರುತ್ತದೆ.

ಕೊಡೆ ಪೇಟೆಗೆ ಸರಿ. ಬೆಟ್ಟದ ಗಾಳಿಗೆ ಅದು ಮಗುಚಿಕೊಳ್ಳುತ್ತದೆ. ಅಲ್ಲಿಗೆ ಪ್ಯಾಂಟ್ ಸಮೇತ ಇರುವ ರೈನ್‌ಕೋಟ್ ಬೇಕು.

ತುಂಬುವ ಕ್ರಮದಲ್ಲೇ ಬಹಳ ಮಂದಿ ಎಡವುತ್ತಾರೆ. ಬ್ಯಾಗಿನ ಮೇಲೆ ಹೊದಿಸುವ ಕವರನ್ನು ನಂಬುತ್ತಾರೆ. ಬೆನ್ನಿಗೆ ತಾಗುವ ಬದಿಗೆ ಕವರ್ ಇರುವುದಿಲ್ಲ. ನೀರು ಭುಜದ ಪಟ್ಟಿಯಿಂದ ಬೆನ್ನಗುಂಟ ಇಳಿದು ಕವರಿನ ತಳದಲ್ಲೇ ನಿಲ್ಲುತ್ತದೆ, ಕೆಳಗಿನ ಬಟ್ಟೆ ಅದರಲ್ಲಿ ನೆನೆಯುತ್ತದೆ. ಹಾಗಾಗಿ ರಕ್ಷಣೆ ಒಳಗಡೆ ಇರಲಿ. ಬ್ಯಾಗಿನೊಳಗೆ ಮೊದಲು ಒಂದು ದೊಡ್ಡ ದಪ್ಪ ಪ್ಲಾಸ್ಟಿಕ್ ಚೀಲ ಇಳಿಬಿಡಿ. ಅದರೊಳಗೆ ಒಂದೊಂದು ದಿನದ ಬಟ್ಟೆಯನ್ನು ಸುರುಳಿ ಸುತ್ತಿ ಬೇರೆ ಬೇರೆ ಕಟ್ಟಾಗಿ ಇಡಿ. ಒಂದನ್ನು ಬಿಚ್ಚಿದಾಗ ಉಳಿದವು ತೇವ ಹೀರುವುದಿಲ್ಲ. ಭಾರದ ವಸ್ತು ಬೆನ್ನಿನ ಹತ್ತಿರ, ನಡುಮಟ್ಟದಲ್ಲಿ ಬರಲಿ. ಕೊನೆಗೆ ಚೀಲದ ಬಾಯಿಯನ್ನು ಹಗ್ಗದಂತೆ ಹೊಸೆದು, ಮಡಚಿ, ರಬ್ಬರ್ ಬ್ಯಾಂಡ್ ಹಾಕಿ. ರೈನ್‌ಕೋಟ್ ಎಲ್ಲಕ್ಕಿಂತ ಮೇಲೆ. ಒದ್ದೆ ಬಟ್ಟೆಗೆ ಬೇರೆ ಚೀಲ. ಈ ಚೀಲಗಳನ್ನು ತೊಳೆದು ಒಣಗಿಸಿಟ್ಟರೆ ಎಷ್ಟೋ ಮಳೆಗಾಲಕ್ಕೆ ಬರುತ್ತವೆ.

ಜೊತೆಗೆ ಟಾರ್ಚ್, ಪವರ್ ಬ್ಯಾಂಕ್, ಚಿಲ್ಲರೆ ಸಮೇತ ನಗದು. ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದರೆ ಮೊಬೈಲ್ ಸಿಗ್ನಲ್ಲೂ ಹೋಗುತ್ತದೆ, ಫೋನಿನಿಂದ ದುಡ್ಡು ಕಟ್ಟಲಾಗದು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಹೊರಡುವ ಹಿಂದಿನ ದಿನ ಹವಾಮಾನ ಇಲಾಖೆಯ ಸೂಚನೆ ನೋಡಿ. ರೆಡ್ ಅಲರ್ಟ್ ಎಂದರೆ 24 ಗಂಟೆಯಲ್ಲಿ 204.4 ಮಿ.ಮೀ. ಮೀರುವ ಮಳೆಯ ಮುನ್ಸೂಚನೆ. ಆರೆಂಜ್ ಎಂದರೆ 115.6ರಿಂದ 204.4. ರೆಡ್ ಇದ್ದರೆ ಪ್ರವಾಸ ಮುಂದೂಡಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು ಸುತ್ತಮುತ್ತ ಗುಡ್ಡಗಳೇ ಜಾರಿದವು, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬೆಟ್ಟ ಕುಸಿಯಿತು. ಅಂಥ ಹೊತ್ತಲ್ಲಿ ರಸ್ತೆ, ಆಂಬುಲೆನ್ಸ್, ಸಿಬ್ಬಂದಿ ಎಲ್ಲವೂ ಅಲ್ಲಿಯ ಜನರಿಗೆ ಸಿಗಬೇಕು. ಬುಕ್ ಮಾಡುವಾಗಲೇ ‘ರೆಡ್ ಅಲರ್ಟ್ ಬಂದರೆ ದಿನ ಬದಲಿಸಿಕೊಡುತ್ತೀರಾ’ ಎಂದು ಕೇಳಿಟ್ಟುಕೊಳ್ಳಿ.

ಪ್ರಶ್ನೆ: ಉಂಬಳದ (ಜಿಗಣೆಯ) ಭಯಕ್ಕೆ ಮಳೆಗಾಲದ ನಡಿಗೆಯನ್ನೇ ಬಿಟ್ಟಿದ್ದೇವೆ. ಉಪ್ಪು ಹಾಕಿದರೆ ಸಾಕೆ? — ಚಿತ್ರದುರ್ಗ

ಕಚ್ಚಿಕೊಂಡ ಉಂಬಳಕ್ಕೆ ಉಪ್ಪು, ಬೆಂಕಿಕಡ್ಡಿ ಬೇಡ. ಹಿಂಸೆಗೆ ಅದು ಹೊಟ್ಟೆಯಲ್ಲಿದ್ದುದನ್ನು ಗಾಯಕ್ಕೇ ಕಕ್ಕಬಹುದು, ಸೋಂಕಾಗಬಹುದು. ಎಳೆಯಲೂ ಬೇಡಿ. ಅದರ ಸಣ್ಣ ತುದಿಯೇ ಬಾಯಿ. ಅದರ ಪಕ್ಕ ಚರ್ಮಕ್ಕೆ ಉಗುರು ಒತ್ತಿ ಅಡ್ಡಕ್ಕೆ ಸರಿಸಿ, ಹಿಡಿತ ತಪ್ಪುತ್ತದೆ. ಕೂಡಲೇ ದೊಡ್ಡ ತುದಿಯನ್ನೂ ಬಿಡಿಸಿ ದೂರ ಚಿಮ್ಮಿ. ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸವನ್ನು ಅದು ಬಿಟ್ಟಿರುವುದರಿಂದ ರಕ್ತ ಸ್ವಲ್ಪ ಹೊತ್ತು ಜಿನುಗುತ್ತಲೇ ಇರುತ್ತದೆ, ಗಾಬರಿ ಬೇಡ. ಸೋಪು ನೀರಲ್ಲಿ ತೊಳೆದು ಬಟ್ಟೆ ಒತ್ತಿ ಹಿಡಿಯಿರಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಮಾತ್ರ ಮೊದಲೇ ವೈದ್ಯರನ್ನು ಕೇಳಿ.

ಉಂಬಳ ಹತ್ತದಂತೆ ಮಾಡುವುದು ಇನ್ನೂ ಸುಲಭ. ಮೊಣಕಾಲವರೆಗಿನ ಒತ್ತು ನೇಯ್ಗೆಯ ಕಾಲುಚೀಲ ಹಾಕಿ ಪ್ಯಾಂಟನ್ನು ಅದರೊಳಗೆ ಸೇರಿಸಿ. ಸಡಿಲ ನೇಯ್ಗೆಯಲ್ಲಿ ಅವು ನುಸುಳುತ್ತವೆ. ಉಪ್ಪನ್ನು ಬಳಸುವುದಾದರೆ ಕಾಲುಚೀಲದ ಹೊರಗೆ ಸವರಿ. ಮಳೆಗೆ ತೊಳೆದುಹೋಗುವುದರಿಂದ ಮತ್ತೆ ಮತ್ತೆ ಸವರಬೇಕು. ಹುಲ್ಲಿನಲ್ಲಿ ನಿಂತು ಹರಟಬೇಡಿ. ನಿಂತವರಿಗೇ ಹೆಚ್ಚು ಹತ್ತುವುದು.

ಪ್ರಶ್ನೆ: ಬೆಂಗಳೂರಿನಿಂದ ಕಾರೋ, ಬಸ್ಸೋ? ನಿಜವಾಗಿ ಎಷ್ಟು ವ್ಯತ್ಯಾಸ? — ಬೆಂಗಳೂರು

ಲೆಕ್ಕ ಹಾಕಿಯೇ ಹೇಳುತ್ತೇವೆ. ಮಡಿಕೇರಿಗೆ ಸುಮಾರು 260 ಕಿ.ಮೀ., ಹೋಗಿಬರಲು 520. ಲೀಟರಿಗೆ 15 ಕಿ.ಮೀ. ಕೊಡುವ ಪೆಟ್ರೋಲ್ ಕಾರಿಗೆ ಸುಮಾರು 35 ಲೀಟರ್ ಬೇಕು. ಒಂದು ಲೀಟರ್ ಉರಿದರೆ 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್, ಒಟ್ಟು 80 ಕೆ.ಜಿ. ಇಬ್ಬರೇ ಹೋದರೆ ತಲಾ 40, ನಾಲ್ವರಾದರೆ ತಲಾ 20. ಲೀಟರಿಗೆ 4.5 ಕಿ.ಮೀ. ಓಡುವ, 40 ಜನ ಕೂತ ಡೀಸೆಲ್ ಬಸ್ಸಿನಲ್ಲಿ ತಲಾ 8 ಕೆ.ಜಿ. ಬರುತ್ತದೆ.

ಆದರೆ ಕೊಡಗಿನವರಿಗೆ ಹೊಗೆಗಿಂತ ಮೊದಲು ಕಾಣುವುದು ಜಾಗದ ಕೊರತೆ. ಮಡಿಕೇರಿ ಗುಡ್ಡದ ಏರಿಳಿತದಲ್ಲಿ ಕಟ್ಟಿದ ಊರು, ರಸ್ತೆ ಅಗಲಿಸಲು ಜಾಗವಿಲ್ಲ. ರಾಜಾಸೀಟ್ ಹಾದಿಯಲ್ಲಿ ಸಾಲುಗಟ್ಟಿ ನಿಂತ ಕಾರುಗಳ ನಡುವೆ ಶಾಲೆ, ಆಸ್ಪತ್ರೆ, ಸಂತೆಗೆ ಹೊರಟವರೂ ಸಿಕ್ಕಿಹಾಕಿಕೊಳ್ಳುತ್ತಾರೆ. ಜಿಲ್ಲೆಯಲ್ಲಿ ರೈಲಿಲ್ಲ. ಮಡಿಕೇರಿ, ಕುಶಾಲನಗರ ಅಥವಾ ವಿರಾಜಪೇಟೆಗೆ ಬಸ್ಸಿನಲ್ಲಿ ಬಂದು, ತಿರುಗಾಡುವ ದಿನಕ್ಕೆ ಮಾತ್ರ ಸ್ಥಳೀಯ ಆಟೋ ಅಥವಾ ಜೀಪು ಹಿಡಿಯುವುದು ಎಲ್ಲಕ್ಕಿಂತ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಹಳ್ಳಿಗಳಿಗೆ ಖಾಸಗಿ ಬಸ್ಸುಗಳಿವೆ. ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಹೋಗುವಾಗಲೇ ಕಂಡಕ್ಟರ್ ಹತ್ತಿರ ಕೇಳಿಕೊಳ್ಳಿ.

ಕಾರೇ ಬೇಕೆಂದರೆ, ಇಳಿಜಾರಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಸುಟ್ಟ ವಾಸನೆ ಬಂದರೆ ಬ್ರೇಕ್ ಕಾದಿದೆ ಎಂದೇ ಅರ್ಥ. ಅಗಲವಾದ ಕಡೆ ನಿಲ್ಲಿಸಿ ಆರಲು ಬಿಡಿ, ನೀರು ಎರಚಬೇಡಿ. ಕಿರಿದಾದ ಕಡೆ ಹತ್ತುವ ವಾಹನಕ್ಕೆ ದಾರಿ ಬಿಡುವುದು ನಿಯಮ. ಮಂಜಿನಲ್ಲಿ ಲೋ ಬೀಮ್ ಹಾಕಿ. ಹೈ ಬೀಮ್ ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ಹೊಡೆಯುತ್ತದೆ.

ಪ್ರಶ್ನೆ: ಕಾಫಿ ಹೂ ಬಿಟ್ಟಾಗ ತೋಟದೊಳಗೆ ಫೋಟೋ ತೆಗೆಯಬೇಕೆಂಬ ಆಸೆ. ಯಾವಾಗ ಬರಬೇಕು? ಒಳಗೆ ಹೋಗಲು ಬಿಡುತ್ತಾರೆಯೇ? — ಶಿರಸಿ

ದಿನ ಗೊತ್ತುಮಾಡಲಾಗದು, ಮಳೆಯೇ ಗೊತ್ತುಮಾಡಬೇಕು. ಮಾರ್ಚ್–ಏಪ್ರಿಲ್‌ನಲ್ಲಿ ಹೂಮಳೆ ಬಿದ್ದ ಎಂಟು–ಹತ್ತು ದಿನಕ್ಕೆ ಮೊಗ್ಗು ಅರಳುತ್ತದೆ. ರೋಬಸ್ಟಾ ಜಾತಿಯ ಕಾಫಿ ತೋಟಗಳಲ್ಲಿ ಫೆಬ್ರವರಿ–ಮಾರ್ಚ್‌ನಲ್ಲೇ ಸ್ಪ್ರಿಂಕ್ಲರ್ ಹಾಕಿ ಅರಳಿಸುವವರೂ ಇದ್ದಾರೆ. ಅರಳಿದ ಮೇಲೆ ಮೂರು–ನಾಲ್ಕು ದಿನ, ಅಷ್ಟೇ. ಉಳಿದುಕೊಳ್ಳುವ ಮನೆಯವರಿಗೆ ಫೋನ್ ಮಾಡಿ ‘ಮಳೆ ಯಾವಾಗ ಬಿತ್ತು’ ಎಂದು ಕೇಳಿ ದಿನ ಎಣಿಸಿ.

ತೋಟ ಖಾಸಗಿ ಜಾಗ. ಬೇಲಿ ಇಲ್ಲದಿದ್ದರೂ ಕೇಳದೆ ಕಾಲಿಡಬಾರದು. ಒಪ್ಪಿಗೆ ಸಿಕ್ಕರೆ ಕಾಲುದಾರಿಯಲ್ಲೇ ನಡೆಯಿರಿ, ಸಾಲಿನ ಒಳಗೆ ನುಗ್ಗಬೇಡಿ. ರೆಂಬೆಗೆ ಮೈ ತಾಗಿದರೆ ಉದುರುವುದು ಬರುವ ವರ್ಷದ ಫಸಲು: ಈ ಹೂ ಅರೇಬಿಕಾದಲ್ಲಿ ಎಂಟು–ಒಂಬತ್ತು, ರೋಬಸ್ಟಾದಲ್ಲಿ ಹತ್ತು–ಹನ್ನೊಂದು ತಿಂಗಳಿಗೆ ಹಣ್ಣಾಗಬೇಕಾದದ್ದು. ರೋಬಸ್ಟಾಗೆ ಬೇರೆ ಗಿಡದ ಪರಾಗವೇ ಬೇಕು, ಗಾಳಿ ಮತ್ತು ಜೇನ್ನೊಣ ಅದನ್ನು ತರುತ್ತವೆ. ಘಾಟು ಸೆಂಟು ಹಾಕಿಕೊಂಡು ಜೇನಿನ ನಡುವೆ ಹೋಗಬೇಡಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ಕೊಯ್ಲು. ಆಗ ಕಣದಲ್ಲಿ ಹರವಿದ ಕಾಫಿಯ ಮೇಲೆ ಚಪ್ಪಲಿ ಕಾಲಲ್ಲಿ ನಡೆಯುವುದು, ಹಣ್ಣು ಕಿತ್ತು ಜೇಬಿಗಿಳಿಸುವುದು ಎರಡೂ ತಪ್ಪು. ಕಾಯಿಕೊರಕ ಎಂಬ ಕೀಟ ಹಣ್ಣಿನೊಳಗೇ ಇರುತ್ತದೆ, ನಿಮ್ಮ ಜೇಬಿನಲ್ಲಿ ಕೂತು ಇನ್ನೊಂದು ತೋಟಕ್ಕೆ ಹೋಗುತ್ತದೆ.

ಪ್ರಶ್ನೆ: ಮಾಂದಲಪಟ್ಟಿಗೆ ಜೀಪಿನಲ್ಲಿ ಹೋಗುವುದು ಬೆಟ್ಟಕ್ಕೆ ಹಾನಿ ಎನ್ನುತ್ತಾರೆ. ನಿಜವೇ? — ಮೈಸೂರು

ಜೀಪಿಗಿಂತ ಅದು ಓಡುವ ರೀತಿಯಿಂದ ಹಾನಿ ಹೆಚ್ಚು. ಅಲ್ಲಿನ ಬೆಟ್ಟದ ನೆತ್ತಿಯಲ್ಲಿ ತೆಳು ಮಣ್ಣು, ಅದನ್ನು ಹಿಡಿದಿಟ್ಟಿರುವುದು ಹುಲ್ಲಿನ ಬೇರು. ಹಳೇ ಜಾಡಿನಲ್ಲಿ ಕೆಸರಾಯಿತೆಂದು ಚಾಲಕ ಒಂದು ಚಕ್ರವನ್ನು ಹುಲ್ಲಿಗೆ ಹತ್ತಿಸಿದರೆ ಬೇರು ಹರಿಯುತ್ತದೆ. ಮುಂದಿನ ಮಳೆಗೆ ಆ ಗೀರೇ ಕಾಲುವೆ. ನೀರು ಹುಲ್ಲಿನಡಿ ಇಂಗುವ ಬದಲು ಮಣ್ಣು ಕೊಚ್ಚಿಕೊಂಡು ಓಡುತ್ತದೆ. ಮರುವರ್ಷ ಆ ಜಾಡೂ ಹಾಳಾಗಿ ಪಕ್ಕದಲ್ಲಿ ಮೂರನೆಯದು ಹುಟ್ಟುತ್ತದೆ.

ಹತ್ತುವ ಮೊದಲೇ ಚಾಲಕರಿಗೆ ಹೇಳಿ: ‘ಅಣ್ಣ, ಅವಸರ ಇಲ್ಲ, ಜಾಡು ಬಿಟ್ಟು ಇಳಿಸಬೇಡಿ.’ ಎಷ್ಟು ಸಲ ಹೋಗಿಬಂದರೆ ಅಷ್ಟು ಸಂಪಾದನೆ ಎಂಬುದೇ ಆ ವೇಗಕ್ಕೆ ಕಾರಣ. ಮೇಲೆ ಕಾಯುವ ಹೊತ್ತಿಗೂ ಸೇರಿಸಿ ಬಾಡಿಗೆ ಮಾತಾಡಿಕೊಂಡರೆ ಅವರೂ ನಿಧಾನವಾಗಿ ಓಡಿಸುತ್ತಾರೆ. ಶನಿವಾರ, ಭಾನುವಾರ ಬಿಟ್ಟು ಬನ್ನಿ. ನಡೆಯಬಲ್ಲವರಿಗೆ ಜಿಲ್ಲೆಯ ಅತಿ ಎತ್ತರದ ತಡಿಯಂಡಮೋಳ್ ಇದೆ, 1,748 ಮೀಟರ್. ಕಕ್ಕಬ್ಬೆಯ ಕಡೆಯಿಂದ ನಾಲ್ಕುನಾಡು ಅರಮನೆ ದಾಟಿ ಹತ್ತಬೇಕು. ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮೊದಲೇ ಟಿಕೆಟ್ ಮಾಡಿಸಿ, ದಾರಿ ತೆರೆದಿದೆಯೇ ನೋಡಿಕೊಳ್ಳಿ. ತಲಾ ಎರಡು ಲೀಟರ್ ನೀರು ಒಯ್ಯಿರಿ. ತುದಿ ಮುಟ್ಟದಿದ್ದರೂ ಮಧ್ಯಾಹ್ನ ಒಂದಕ್ಕೆ ತಿರುಗಿಬಿಡಿ.

ಪ್ರಶ್ನೆ: ಸಿದ್ದಾಪುರದ ಹತ್ತಿರ ನಮ್ಮದು ಮೂರು ಕೋಣೆಯ ಹೋಂಸ್ಟೇ. ಅತಿಥಿಗಳು ಬಿಟ್ಟುಹೋಗುವ ಕಸ, ಬೇಸಿಗೆಯ ನೀರು, ರಾತ್ರಿ ರಸ್ತೆಯಲ್ಲಿ ಅಲೆಯುವುದು ಈ ಮೂರೂ ತಲೆನೋವಾಗಿವೆ. ಬೇಸರವಾಗದಂತೆ ಹೇಳುವುದು ಹೇಗೆ? — ಕೊಡಗಿನ ಓದುಗರು

ಬಂದ ಮೇಲೆ ಹೇಳಿದರೆ ಗದರಿದಂತಾಗುತ್ತದೆ. ಬುಕಿಂಗ್ ಖಚಿತಪಡಿಸುವ ಸಂದೇಶದಲ್ಲೇ ಕಾರಣ ಸಮೇತ ಬರೆಯಿರಿ. ‘ನಮ್ಮಲ್ಲಿ ಪಂಚಾಯಿತಿ ಗಾಡಿ ದಿನಾ ಬರುವುದಿಲ್ಲ. ಬಾಟಲಿ, ಚಿಪ್ಸ್ ಪೊಟ್ಟಣ ನಿಮ್ಮ ಜೊತೆಗೇ ವಾಪಸ್ ಹೋಗಲಿ. ಕುಡಿಯುವ ನೀರು ನಾವು ಕಾಯಿಸಿ ಕೊಡುತ್ತೇವೆ’ ಎಂದರೆ ಯಾರಿಗೂ ಬೇಸರವಿಲ್ಲ. ಕೋಣೆಗೆ ಒಂದು ಬಟ್ಟೆಚೀಲ ಇಡಿ, ಹೊರಡುವಾಗ ಅದನ್ನೇ ಕೈಗೆ ಕೊಡಿ. ಊಟದ ಆಯ್ಕೆಯನ್ನು ಹಿಂದಿನ ರಾತ್ರಿಯೇ ಕೇಳಿ. ಎಷ್ಟು ಕಡಂಬಿಟ್ಟು, ಎಷ್ಟು ಅಕ್ಕಿರೊಟ್ಟಿ ಎಂದು ಗೊತ್ತಿದ್ದರೆ ಮಿಕ್ಕುವುದಿಲ್ಲ. ಮಿಕ್ಕಿದ್ದನ್ನು ಬಯಲಲ್ಲಿ ಎಸೆದರೆ ಕಾಡುಹಂದಿಗೆ ಮನೆಯ ದಾರಿ ತೋರಿಸಿದಂತೆ. ಮುಚ್ಚಳವಿರುವ ಗುಂಡಿಗೆ ಹಾಕಿ ಒಣ ತರಗು ಬೆರೆಸಿ. ಮಳೆಗಾಲದಲ್ಲಿ ತರಗು ಹೆಚ್ಚಿರಬೇಕು, ಇಲ್ಲದಿದ್ದರೆ ಗಾಳಿಯಾಡದೆ ನಾರುತ್ತದೆ.

ನೀರಿನ ವಿಷಯದಲ್ಲಿ ಹೊರಗಿನವರಿಗೆ ಒಂದು ಸಂಗತಿ ತಿಳಿದಿರುವುದಿಲ್ಲ. ಇಷ್ಟು ಮಳೆ ಬೀಳುವ ಜಿಲ್ಲೆಯಲ್ಲೂ ಮಾರ್ಚ್‌ನಿಂದ ಮೇವರೆಗೆ ತೊರೆಗಳು ಬತ್ತುತ್ತವೆ, ರಜೆಗೆ ಜನ ತುಂಬುವುದೂ ಆಗಲೇ. ಒಬ್ಬರಿಗೆ ಎರಡು ಬಕೆಟ್ ಬಿಸಿನೀರು ಎಂದು ಮೊದಲೇ ಹೇಳಿ. ಮೂರು ದಿನದ ಅತಿಥಿಗೆ ದಿನಾ ಹಾಸಿಗೆ ಹೊದಿಕೆ ಬದಲಿಸಬೇಡಿ.

ರಾತ್ರಿ ಅಲೆಯುವ ವಿಷಯದಲ್ಲಿ ಮಾತ್ರ ಸಂಕೋಚ ಬೇಡ. ಸಿದ್ದಾಪುರದ ಸುತ್ತ ಆನೆಗಳು ತೋಟದೊಳಗೇ ತಂಗುತ್ತವೆ. ಸಂಜೆ ಆರರಿಂದ ಬೆಳಗಿನ ಬೆಳಕು ಹರಿಯುವವರೆಗೆ ಅಂಗಳ ದಾಟಬಾರದು ಎಂದು ಖಡಾಖಂಡಿತ ಹೇಳಿ. ಕಾರಿನಲ್ಲಿ ಬರುವಾಗ ಆನೆ ಕಂಡರೆ ದೂರದಲ್ಲೇ ನಿಲ್ಲಿಸಬೇಕು. ಹಾರ್ನ್ ಬೇಡ, ಫ್ಲ್ಯಾಶ್ ಬೇಡ, ಕೆಳಗಿಳಿಯಬಾರದು. ಮುಂದೆ ದಾಟಿದ ಒಂದರ ಹಿಂದೆ ಮರಿ ಸಮೇತ ಇನ್ನೂ ಇರಬಹುದು, ಅವು ಪೂರ್ತಿ ದಾಟುವವರೆಗೆ ಕಾಯಬೇಕು. ತಡರಾತ್ರಿ ಬರುತ್ತೇವೆ ಎನ್ನುವವರಿಗೆ ಕುಶಾಲನಗರದಲ್ಲೇ ಉಳಿದು ಬೆಳಿಗ್ಗೆ ಬರಲು ಹೇಳಿ.

ಪ್ರಶ್ನೆ: ಕೊಡಗಿನಿಂದ ತರುವ ಮೆಣಸು, ಕಾಫಿಪುಡಿ ಅಸಲಿಯೇ ಎಂದು ತಿಳಿಯುವುದು ಹೇಗೆ? — ಹುಬ್ಬಳ್ಳಿ

ಕರಿಮೆಣಸಿನ ಹತ್ತು ಕಾಳು ಒಂದು ಲೋಟ ನೀರಿಗೆ ಹಾಕಿ. ಬಲಿತ ಮೆಣಸು ಮುಳುಗುತ್ತದೆ, ಬೆರಕೆಯ ಪಪ್ಪಾಯಿ ಬೀಜ ತೇಲುತ್ತದೆ. ಕಾಫಿಪುಡಿ ಪೊಟ್ಟಣದ ಮೇಲೆ ಚಿಕೋರಿ ಶೇಕಡಾ ಎಷ್ಟೆಂದು ಅಚ್ಚಾಗಿರಬೇಕು. ಕಾನೂನಿನ ಪ್ರಕಾರ ಶೇ. 49ಕ್ಕಿಂತ ಹೆಚ್ಚು ಬೆರೆಸುವಂತಿಲ್ಲ. ಹುರಿದ ದಿನಾಂಕ ನೋಡಿ, ಹದಿನೈದು ದಿನಕ್ಕೆ ಮುಗಿಯುವಷ್ಟೇ ಕೊಳ್ಳಿ. ರಸ್ತೆಬದಿಯ ಬಣ್ಣದ ಡಬ್ಬಿಗಳಿಗಿಂತ, ಉಳಿದ ಮನೆಯವರ ತೋಟದ್ದೇ ಸಿಕ್ಕರೆ ಅದನ್ನೇ ಕೊಳ್ಳಿ. ಮನೆಯಿಂದ ಒಯ್ದ ಡಬ್ಬಿಯಲ್ಲೇ ಅಳೆಸಿಕೊಂಡು ಬನ್ನಿ.