ದುಡ್ಡು ಕೊಟ್ಟು ಖಾತೆ ಸೇರಿಸಿದರೆ ಸಿಬಿಲ್ ಸ್ಕೋರ್ ಏರುತ್ತದೆಯೇ?

ಪ್ರಶ್ನೆ: ನನ್ನ ಸಿಬಿಲ್ ಸ್ಕೋರ್ (ಸಾಲ ತೀರಿಸಿದ ದಾಖಲೆ ನೋಡಿ ಕೊಡುವ ಅಂಕ) 640. ಮನೆ ಸಾಲದ ಅರ್ಜಿ ತಿರಸ್ಕಾರವಾಯಿತು. 15,000 ರೂಪಾಯಿ ಕೊಟ್ಟರೆ, ಸರಿಯಾಗಿ ಕಟ್ಟಿರುವ ಎರಡು ಹಳೇ ಸಾಲದ ಖಾತೆಗಳನ್ನು ನನ್ನ ಸಿಬಿಲ್ ವರದಿಗೆ ಸೇರಿಸಿ ಎರಡೇ ತಿಂಗಳಲ್ಲಿ 750 ದಾಟಿಸುತ್ತೇನೆ ಎಂದು ಏಜೆಂಟರೊಬ್ಬರು ಹೇಳುತ್ತಿದ್ದಾರೆ. ಪ್ಯಾನ್, ಆಧಾರ್ ಪ್ರತಿ ಕೇಳಿದ್ದಾರೆ. ಕೊಡಬಹುದೇ?
– ಓದುಗರು, ರಾಜಾಜಿನಗರ, ಬೆಂಗಳೂರು

ಉತ್ತರ: ದಯವಿಟ್ಟು ಕೊಡಬೇಡಿ. ಅಮೆರಿಕದಲ್ಲಿ ಇನ್ನೊಬ್ಬರ ಹಳೇ ಕ್ರೆಡಿಟ್ ಕಾರ್ಡಿಗೆ ಹೆಸರು ಸೇರಿಸಿಕೊಂಡರೆ ಆ ಖಾತೆ ನಮ್ಮ ವರದಿಯಲ್ಲೂ ಕಾಣಿಸಬಹುದು. ಅದಕ್ಕೆ ಹಣ ಪಡೆಯುವ ವ್ಯಾಪಾರವೂ ಅಲ್ಲಿದೆ. ನಮ್ಮಲ್ಲಿ ಆ ದಾರಿ ಇಲ್ಲ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ – ಸ್ಕೋರ್ ಕೊಡುವ ಈ ನಾಲ್ಕು ಸಂಸ್ಥೆಗಳಿಗೆ ಸಾಲದ ಮಾಹಿತಿ ಕಳಿಸುವುದು ಸಾಲ ಕೊಟ್ಟ ಬ್ಯಾಂಕು, ಹಣಕಾಸು ಕಂಪನಿಗಳು. ಹೊರಗಿನ ಏಜೆಂಟರಿಗೆ ಅಲ್ಲಿ ಒಂದಕ್ಷರವನ್ನೂ ಬರೆಯಲು ಬರುವುದಿಲ್ಲ. ಮನೆಯವರ ಆ್ಯಡ್-ಆನ್ ಕಾರ್ಡ್ ಇಟ್ಟುಕೊಂಡರೂ ಅದರ ಲೆಕ್ಕ ಸಾಮಾನ್ಯವಾಗಿ ಮುಖ್ಯ ಕಾರ್ಡುದಾರರ ವರದಿಗೇ ಹೋಗುತ್ತದೆ. ಜಂಟಿ ಸಾಲಗಾರರಾದರೆ ಖಾತೆ ನಿಮ್ಮ ವರದಿಗೂ ಬರುತ್ತದೆ, ನಿಜ. ಆದರೆ ಆ ಸಾಲ ತೀರಿಸುವ ಹೊಣೆಯೂ ಪೂರ್ತಿ ನಿಮ್ಮದಾಗುತ್ತದೆ.

ಹಾಗಾದರೆ ಇಂಥವರು ದುಡ್ಡು ತೆಗೆದುಕೊಂಡು ಮಾಡುವುದೇನು? ಕೆಲವರು ನಿಮ್ಮ ಓಟಿಪಿ ಪಡೆದು, ವರದಿಯಲ್ಲಿರುವ ಸುಸ್ತಿ ಖಾತೆಗಳ ಮೇಲೆಲ್ಲ ತಕರಾರು ಹಾಕುತ್ತಾರೆ. ಬ್ಯಾಂಕು ‘ನಮ್ಮ ಮಾಹಿತಿ ಸರಿಯಿದೆ’ ಎಂದ ಕೂಡಲೇ ಎಲ್ಲ ಮೊದಲಿನಂತೆ. ತಕರಾರು ಸಲ್ಲಿಸಲು ನಿಮಗೆ ಶುಲ್ಕವೇ ಇಲ್ಲ. ಇನ್ನು ಕೆಲವರು ಆ್ಯಪ್ ಮೂಲಕ ನಿಮ್ಮ ಹೆಸರಿನಲ್ಲೇ ಸಣ್ಣ ಸಾಲ ತೆಗೆಯುತ್ತಾರೆ. ಇದು ಅಪಾಯ: ಹೊಸ ವಿಚಾರಣೆ (ಸಾಲ ಕೊಡುವವರು ನಿಮ್ಮ ವರದಿ ತರಿಸಿ ನೋಡುವುದು), ಹೊಸ ಸಾಲ ಎರಡೂ ಸೇರಿ ಸ್ಕೋರ್ ಇನ್ನೂ ಇಳಿಯಬಹುದು, ಕಂತು ತಪ್ಪಿದರೆ ಸುಸ್ತಿದಾರರು ನೀವೇ. ಈಗಾಗಲೇ ಓಟಿಪಿ ಕೊಟ್ಟು ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಆ 15,000ವನ್ನು ಉಳಿಸಿಕೊಂಡು ಮೊದಲು ವರದಿ ತೆಗೆಸಿ. ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಲೇಬೇಕು. 640ಕ್ಕೆ ಕಾರಣ ಅದರಲ್ಲೇ ಸಿಗುತ್ತದೆ. ನಿಮ್ಮದಲ್ಲದ ಸಾಲ, ತೀರಿಸಿದ್ದರೂ ಬಾಕಿ ತೋರಿಸುವ ಖಾತೆ ಕಂಡರೆ ತಕರಾರು ಹಾಕಿ, ಬ್ಯಾಂಕಿಗೂ ಬರೆಯಿರಿ. 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಸಲ್ಲಬೇಕು. ಅದಕ್ಕೂ ಬ್ಯಾಂಕು, ಸಂಸ್ಥೆ ಮಣಿಯದಿದ್ದರೆ ರಿಸರ್ವ್ ಬ್ಯಾಂಕಿನ ದೂರು ಪರಿಹಾರ ಅಧಿಕಾರಿಯಾದ ಓಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲೇ ದೂರು ಕೊಡಬಹುದು, ಸಹಾಯವಾಣಿ 14448.

ತಪ್ಪೇನೂ ಇಲ್ಲದೆ ಸ್ಕೋರ್ ಕಡಿಮೆಯಿದ್ದರೆ ಕಾರ್ಡಿನ ಬಳಕೆ ನೋಡಿ. ಒಂದು ಲಕ್ಷದ ಮಿತಿಯಲ್ಲಿ ತಿಂಗಳಿಗೆ 80,000 ಉಜ್ಜಿ, ಪೂರ್ತಿ ಕಟ್ಟಿದರೂ ಸ್ಕೋರಿಗೆ ಪೆಟ್ಟು ಬೀಳಬಹುದು, ಏಕೆಂದರೆ ನೀವು ಕಟ್ಟುವ ಮೊದಲಿನ ಬಾಕಿಯೇ ವರದಿಗೆ ಹೋಗಿರಬಹುದು. ಬಿಲ್ ದಿನಕ್ಕೆ ಮೊದಲೇ ಒಂದಷ್ಟು ಕಟ್ಟಿ ಬಾಕಿಯನ್ನು 30,000ದ ಒಳಗಿಡಿ. ಕಾರ್ಡೇ ಇಲ್ಲದವರು ಎಫ್‌ಡಿ ಮೇಲೆ ಕೊಡುವ ಕಾರ್ಡ್ ಪಡೆಯಬಹುದು. 25,000ದ ಎಫ್‌ಡಿಗೆ 20,000ದಷ್ಟು ಮಿತಿ ಸಿಕ್ಕರೆ, ತಿಂಗಳಿಗೆ ನಾಲ್ಕೈದು ಸಾವಿರದ ದಿನಸಿ, ಪೆಟ್ರೋಲಿಗೆ ಬಳಸಿ ಪೂರ್ತಿ ಬಿಲ್ ಕಟ್ಟಿ. ‘ಮಿನಿಮಮ್ ಡ್ಯೂ’ (ಬಿಲ್ಲಿನಲ್ಲಿ ಕಟ್ಟಲೇಬೇಕಾದ ಕನಿಷ್ಠ ಮೊತ್ತ) ಮಾತ್ರ ಕಟ್ಟುತ್ತ ಹೋದರೆ ಬಡ್ಡಿಯೂ ಬೆಳೆಯುತ್ತದೆ, ಬಾಕಿಯೂ ಇಳಿಯದು. ಆರು ತಿಂಗಳಾದರೂ ಹೀಗೆ ನಡೆಸಿ, ಆಮೇಲೆ ಮನೆ ಸಾಲ ಕೇಳಿ. ಅಲ್ಲಿಯವರೆಗೆ ಬ್ಯಾಂಕಿನಿಂದ ಬ್ಯಾಂಕಿಗೆ ಅರ್ಜಿ ಹಾಕುತ್ತ ತಿರುಗಬೇಡಿ. ಒಂದೊಂದು ಅರ್ಜಿಯೂ ವರದಿಯಲ್ಲಿ ದಾಖಲಾಗುತ್ತದೆ.

ಪ್ರಶ್ನೆ: ಹಳೇ ಕಾರ್ಡ್ ಬಾಕಿಯನ್ನು ರಿಯಾಯಿತಿಯಲ್ಲಿ ಮುಗಿಸಿದ್ದೆ. ವರದಿಯಲ್ಲಿ ‘ಸೆಟಲ್ಡ್’ ಎಂದಿದೆ. ಅಳಿಸಬಹುದೇ?
– ಓದುಗರು, ಯಲಹಂಕ

ಉತ್ತರ: ಮಾಹಿತಿ ನಿಜವಾದ್ದರಿಂದ ತಕರಾರಿನಿಂದ ಹೋಗದು. ಬಿಟ್ಟುಕೊಟ್ಟ ಮೊತ್ತವನ್ನು ಈಗ ಕಟ್ಟುತ್ತೇನೆ, ಖಾತೆಯನ್ನು ‘ಕ್ಲೋಸ್ಡ್’ ಎಂದು ಬದಲಿಸಿ ಎಂದು ಬ್ಯಾಂಕನ್ನು ಲಿಖಿತವಾಗಿ ಕೇಳಿ. ಒಪ್ಪಿಗೆ ಪತ್ರ ಕೈಗೆ ಬಂದ ಮೇಲೆ ಹಣ ಕಟ್ಟಿ, ಬಾಕಿಯಿಲ್ಲ ಪತ್ರ ಪಡೆಯಿರಿ. ಎರಡು ತಿಂಗಳ ನಂತರವೂ ವರದಿ ಬದಲಾಗದಿದ್ದರೆ ಆ ಪತ್ರದ ಪ್ರತಿಯಿಟ್ಟು ತಕರಾರು ಸಲ್ಲಿಸಿ.